ಸ್ವೆಟರ್ ವ್ಯಾಪಾರ ನಾಲ್ಕೇ ತಿಂಗಳು, ಕಾಗದದ ಕಾಟ ವರ್ಷಪೂರ್ತಿ

ದಸರಾ ಮುಗಿದು ಬೆಳಗಿನ ಚಳಿ ಶುರುವಾಯಿತೆಂದರೆ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಎದ್ದವೆಂದೇ ಲೆಕ್ಕ. ಮೈಸೂರಿರಲಿ, ಹುಬ್ಬಳ್ಳಿಯಿರಲಿ, ದೂರದ ಕಲ್ಕತ್ತೆಯಿರಲಿ, ಅದೇ ಟಾರ್ಪಾಲಿನ ಸೂರು, ಹಗ್ಗಕ್ಕೆ ನೇತುಬಿಟ್ಟ ಅದೇ ಉಣ್ಣೆ ಬಟ್ಟೆ. ಚೌಕಾಸಿ ನಡೆಯೋಲ್ಲ, ಒಂದೇ ರೇಟು. ಸಂಕ್ರಾಂತಿ ಕಳೆದರೆ ಅಂಗಡಿಯೂ ಇಲ್ಲ, ಅಂಗಡಿಯವರೂ ಇಲ್ಲ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ 'ಇವರದು ಸಲೀಸಾದ ಕಸುಬು ಕಣ್ರೀ' ಅನ್ನಿಸಬಹುದು. ಒಳಗಿನ ಲೆಕ್ಕ ಬೇರೆಯೇ ಇದೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಬೆನ್ನಿಗೇ ಸಾವಿರಾರು ಜನ ಗಡಿ ದಾಟಿದರು. ಅವರಿಗೆ ನೆಲ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವೂ ಒಂದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಬಳಿ ಸುಮಾರು 3,000 ಎಕರೆ ಸಿಕ್ಕಿತು. 1960ರ ಕೊನೆಗೆ ಬಂದ ಮೊದಲ ತಂಡ ಕಾಡು ಸವರಿ ಮುಸುಕಿನ ಜೋಳ ಬಿತ್ತಿತು. 1966ರಲ್ಲಿ ಮುಂಡಗೋಡದಲ್ಲಿ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು.

ಹೊಲ ಬಿಟ್ಟು ಅಂಗಡಿ ಯಾಕೆ?

ನೆಲ ಇದ್ದಷ್ಟೇ ಇದೆ, ಉಣ್ಣುವ ಬಾಯಿ ಹೆಚ್ಚಾದವು. ಅದೂ ಮಳೆ ನಂಬಿದ ಬೇಸಾಯ. ಜೋಳ ಮುರಿದಾದ ಮೇಲೆ ಕೈಗೆ ಕೆಲಸವಿಲ್ಲ. ಉಣ್ಣೆ ಬಟ್ಟೆಗೆ ಗಿರಾಕಿ ಬರುವುದೂ ಅದೇ ಹೊತ್ತಿಗೆ.

ಸರ್ಕಾರಿ ನೌಕರಿ ನೋಡೋಣವೆಂದರೆ ಅಲ್ಲೂ ತೊಡಕು. 1962ರ ಜನವರಿ 1ಕ್ಕೆ ಮುಂಚೆ ಇಲ್ಲೇ ನೆಲೆಸಲೆಂದು ಬಂದ ಟಿಬೆಟಿಯನ್ನರಿಗೆ ಕೇಂದ್ರದ ಕೆಲವು ಹುದ್ದೆಗಳಿಗೆ ಅವಕಾಶವುಂಟು, ಐಎಎಸ್, ಐಪಿಎಸ್ ಬಿಟ್ಟು. ಆದರೆ ಅಂದು ಕಂಕುಳಲ್ಲಿ ಬಂದ ಕೂಸಿಗೂ ಈಗ ಅರವತ್ತು ದಾಟಿದೆ! ಹೀಗಾಗಿ ವ್ಯಾಪಾರ ಇವರು ಹಂಬಲಿಸಿ ಹಿಡಿದ ದಾರಿಯಲ್ಲ. ಉಳಿದ ಬಾಗಿಲು ಮುಚ್ಚಿದ್ದಾಗ ತೆರೆದು ಕಂಡದ್ದು ಇದೊಂದೇ.

ಮೊದಮೊದಲು ಕೈಯಲ್ಲೇ ಹೆಣೆದು ಮಾರುತ್ತಿದ್ದರು. ಬೇಡಿಕೆ ಬೆಳೆದ ಹಾಗೆ ಪಂಜಾಬಿನ ಲೂಧಿಯಾನದ ಗಿರಣಿ ಮಾಲಿಗೆ ತಿರುಗಿದರು. ಅಲ್ಲಿನ ಸಗಟು ವ್ಯಾಪಾರಿಗಳು ಸ್ವಲ್ಪ ಮುಂಗಡ ಹಿಡಿದು ಉಳಿದದ್ದನ್ನು ಉದ್ದರಿ ಕೊಡುತ್ತಾರೆ. ಸೀಸನ್ ಮುಗಿದ ಮೇಲೆ ಚುಕ್ತಾ. ಇಷ್ಟು ಉದ್ದರಿ ನಡೆಯೋದು ನಂಬಿಕೆಯ ಮೇಲೆ ಅನ್ನೋದನ್ನು ಅಂಗಡಿ ನಡೆಸುವ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಜಾಮೀನಿಗೆ ಏನಿಡೋದು?

ನಂಬಿಕೆಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ. ಬ್ಯಾಂಕು ಕೇಳೋದು ಜಾಮೀನು. ಶಿಬಿರದ ಜಮೀನು ಗುತ್ತಿಗೆಯದು, ಇವರ ಹೆಸರಿಗೆ ಖಾತೆ ಇಲ್ಲ. ಹೊರಗೆ ಸೈಟು ಕೊಳ್ಳೋಣವೆಂದರೆ ಕಾನೂನಿನ ಕಣ್ಣಲ್ಲಿ ಇವರು ವಿದೇಶೀಯರು. ಕೈಯಲ್ಲಿರೋದು ನೋಂದಣಿ ಪತ್ರ, ಇವರ ಬಾಯಲ್ಲಿ 'ಆರ್‌ಸಿ'. ಅದನ್ನು ಅವಧಿ ತಪ್ಪದೆ ನವೀಕರಿಸಬೇಕು. ಬೇರೆ ಊರಲ್ಲಿ ವಾರಗಟ್ಟಲೆ ತಂಗಿದರೆ ಠಾಣೆಗೆ ತಿಳಿಸಬೇಕು. ಊರೂರು ಸುತ್ತುವುದೇ ಕಸುಬಾದವರಿಗೆ ಇದೆಂಥ ಫಜೀತಿ ಯೋಚಿಸಿ.

ಜಾಗದ ಪಾಡೂ ಅಷ್ಟೆ. ಪ್ರತಿ ವರ್ಷ ಮೈದಾನಕ್ಕೋ ರಸ್ತೆ ಬದಿಗೋ ಹೊಸದಾಗಿ ಅನುಮತಿ ಕೇಳಬೇಕು. ಬಾಡಿಗೆ, ತೆರಿಗೆ ಕಟ್ಟಿ ವರ್ಷವಿಡೀ ಕೂರುವ ಊರಿನ ಬಟ್ಟೆ ಅಂಗಡಿಯವರು ಸೀಸನ್ನಿಗೆ ಬಂದು ಹೋಗುವವರ ಮೇಲೆ ಗೊಣಗಿದರೆ ಅದನ್ನು ತಪ್ಪೆನ್ನಲಾಗದು. ಆದರೆ ವರ್ಷವಿಡೀ ಅಂಗಡಿ ಇಡಲು ಬೇಕಾದ ಕಾಗದ ಇವರಿಗೆ ಸುಲಭಕ್ಕೆ ಸಿಕ್ಕಿಲ್ಲವಲ್ಲ?

ಇದರ ಮೇಲೆ ಕಾಲದ ಪೆಟ್ಟು. 2016ರ ನವೆಂಬರ್ 8ರಂದು ನೋಟು ರದ್ದಾದಾಗ ಇವರ ಸೀಸನ್ ನಡುಮಧ್ಯದಲ್ಲಿತ್ತು. ನಗದು ನಂಬಿದ ವ್ಯಾಪಾರ ಕುಸಿಯಿತು. 2020ರಲ್ಲಿ ಕೊರೋನಾ ಬಂತು. ನಾಲ್ಕು ತಿಂಗಳು ಕೆಟ್ಟರೆ ಇವರಿಗೆ ವರ್ಷವೇ ಕೆಟ್ಟಂತೆ.

ವರ ಸಿಕ್ಕಿತು, ಆದರೆ...

2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿ ತಂದಿತು. ಶಿಬಿರದ ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ, ಆರ್‌ಸಿ ತೋರಿಸಿದರೆ ವ್ಯಾಪಾರದ ಲೈಸೆನ್ಸು ಎಂದು ಅದು ಹೇಳುತ್ತದೆ. ಜಾರಿ ಮಾತ್ರ ರಾಜ್ಯಗಳ ಕೈಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಗಬಾರದು.

ಹಾಗಾದರೆ ಭಾರತೀಯರೇ ಆಗಿಬಿಡಬಹುದಲ್ಲ? 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಇದು ಟಿಬೆಟಿಯನ್ನರಿಗೂ ಸಲ್ಲುತ್ತದೆಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೇಳುವವರಿಗೆ ಆರ್‌ಸಿ ಒಪ್ಪಿಸಬೇಕು, ಶಿಬಿರದಲ್ಲಿ ವಾಸ ಇರಬಾರದು ಎಂಬ ಷರತ್ತು ಬಂತು. ಅಪ್ಪ ಕಾಡು ಕಡಿದು ಕಟ್ಟಿದ ಮನೆ ಬಿಡಬೇಕೋ, ಕಾಗದ ಬಿಡಬೇಕೋ? ಇದರ ಜೊತೆಗೆ ಎಂದಾದರೂ ತಮ್ಮ ದೇಶಕ್ಕೆ ಮರಳಬೇಕೆಂಬ ಹಿರಿಯರ ಆಸೆ ಬೇರೆ.

ಹುಡುಗರು ಕಾಯುತ್ತಾ ಕೂತಿಲ್ಲ. ಓದಿದವರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯೂರೋಪಿಗೆ ಹೊರಡುತ್ತಿದ್ದಾರೆ. ಅವರು ಹೋದರೆ ನಷ್ಟ ಶಿಬಿರಕ್ಕೆ ಮಾತ್ರವೇ? ಬೈಲಕುಪ್ಪೆಯವರು ಅಕ್ಕಿ, ಬೇಳೆ, ಸಿಮೆಂಟು ಕೊಳ್ಳೋದು ಕುಶಾಲನಗರದ ಅಂಗಡಿಗಳಲ್ಲೇ. ಅಲ್ಲಿನ ದೇವಸ್ಥಾನ ನೋಡಲು ಬರುವ ಪ್ರವಾಸಿಗಳಿಂದ ನಮ್ಮ ಆಟೋದವರ, ಹೋಟೆಲಿನವರ ಹೊಟ್ಟೆಯೂ ಹೊರೆಯುತ್ತಿದೆ.

ಇವರಿಗೆ ದಾನ ಬೇಕಾಗಿಲ್ಲ. ನೀತಿಯಲ್ಲಿ ಬರೆದ ಲೈಸೆನ್ಸನ್ನು ನಗರಸಭೆ, ಪುರಸಭೆಗಳು ಅಲೆದಾಡಿಸದೆ ಕೊಡಲಿ. ಚಳಿಗಾಲಕ್ಕೆ ಒಂದು ಗೊತ್ತಾದ ಜಾಗ ತೋರಿಸಿ ಬಾಡಿಗೆ, ತೆರಿಗೆ ವಸೂಲು ಮಾಡಲಿ. ಊರಿನ ಅಂಗಡಿಯವರ ದೂರೂ ತೀರುತ್ತದೆ, ಊರಿನ ಖಜಾನೆಗೂ ಕಾಸು ಬೀಳುತ್ತದೆ.