ಸೇವಾಗ್ರಾಮದ ನಾಸ್ತಿಕ ಅತಿಥಿ

ದೇವರಿರುವನೆ, ಇಲ್ಲವೆ? ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಈ ಪ್ರಶ್ನೆಯೆದ್ದಿತೆಂದರೆ, ಚರ್ಚೆಯು ಕ್ಷಣದಲ್ಲಿ ಜಗಳಕ್ಕೆ ತಿರುಗುವುದನ್ನು ನಾವೆಲ್ಲರೂ ಬಲ್ಲೆವು. ಆಸ್ತಿಕನು ಕಣ್ಣು ಕೆಂಪಗೆ ಮಾಡುತ್ತಾನೆ. ನಾಸ್ತಿಕನು ಎದುರಿನವನನ್ನು ಮೂಢನೆಂದು ಹಳಿಯುತ್ತಾನೆ. ಮತಾವೇಶಕ್ಕೆ ದೇವರು ಬೇಕೇ ಬೇಕೆಂದೇನೂ ಇಲ್ಲ!

ಆಂಧ್ರದ ಗೋಪರಾಜು ರಾಮಚಂದ್ರರಾವ್, ಅಂದರೆ ‘ಗೋರಾ’, ಈ ಆವೇಶದ ಬಿಸಿಯನ್ನು ಉಂಡವರು. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ದೇವರ ಕಲ್ಪನೆಯನ್ನು ಪ್ರಶ್ನಿಸಿ ಬರೆದುದಕ್ಕಾಗಿ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸವನ್ನು ಕಳೆದುಕೊಂಡರು. 1940ರಲ್ಲಿ ಮುದುನೂರು ಗ್ರಾಮದಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ಅಸ್ಪೃಶ್ಯತೆಯ ವಿರುದ್ಧ ದುಡಿದರು.

1944ರಲ್ಲಿ ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡರು. ಒಬ್ಬರಿಗೆ ರಾಮನಾಮವೇ ಉಸಿರು. ಮತ್ತೊಬ್ಬರಿಗೆ ದೇವರೆಂಬುದೇ ಸುಳ್ಳು. ಮಾತುಕತೆಗಳು ಹಲವು ನಡೆದವು. ಒಬ್ಬರು ಮತ್ತೊಬ್ಬರನ್ನು ತಮ್ಮ ಪಕ್ಷಕ್ಕೆ ಒಲಿಸಿಕೊಳ್ಳಲಾಗಲಿಲ್ಲ. ಸಿಟ್ಟಾಗಿ ಎದ್ದುಹೋದವರೂ ಇಲ್ಲ.

ಗೋರಾ ತಮ್ಮ ಮಗಳನ್ನು ಅಸ್ಪೃಶ್ಯವೆನಿಸಿದ್ದ ಜಾತಿಯ ತರುಣನಿಗೆ ಕೊಡಲು ನಿಶ್ಚಯಿಸಿದಾಗ, ಮದುವೆಯನ್ನು ಆಶ್ರಮದಲ್ಲಿಯೇ ನಡೆಸಲು ಗಾಂಧೀಜಿ ಒಪ್ಪಿದರು. ಆದರೆ ವಿಧಿಯಲ್ಲಿ ದೇವರ ಹೆಸರು ಬರುವುದಲ್ಲ! ಬಾಪೂ ಹಟ ಹಿಡಿಯಲಿಲ್ಲ. ದೇವರ ಬದಲು ಸತ್ಯದ ಹೆಸರಿನಲ್ಲಿ ಆಗಲೆಂದರು. ಸತ್ಯವೇ ದೇವರೆಂದು ಸಾರಿದ್ದವರಿಗೆ ಇದರಲ್ಲಿ ಸೋಲೆಲ್ಲಿಯದು?

ಆ ಮದುವೆಯನ್ನು ನೋಡುವುದು ಅವರಿಗೆ ಲಭಿಸಲಿಲ್ಲ. 1948ರ ಜನವರಿ 30ರಂದು ದಿಲ್ಲಿಯಲ್ಲಿ, ಪ್ರಾರ್ಥನೆಗೆ ನಡೆದಿದ್ದ ಆ ರಾಮಭಕ್ತನಿಗೆ ಗುಂಡಿಕ್ಕಿದವನು ಹಿಂದೂಗಳ ರಕ್ಷಕನೆಂದು ತನ್ನನ್ನು ಬಗೆದವನು. ಅದೇ ವರ್ಷ ಸೇವಾಗ್ರಾಮದಲ್ಲಿ, ಬಾಪೂ ಒಪ್ಪಿದ್ದ ರೀತಿಯಲ್ಲಿಯೇ, ನಾಸ್ತಿಕನ ಮಗಳ ಮದುವೆ ನಡೆಯಿತು.