ದಾದಿಯರ ವೇತನ ಒಪ್ಪಂದ: ಪೋಷಕರು ಅರಿತಿರಬೇಕಾದ ಅಂಶಗಳು

ಮಗಳನ್ನು ನರ್ಸಿಂಗ್ ತರಬೇತಿಗೆ ಸೇರಿಸಬಯಸುವ ಬೆಳುಗುಪ್ಪದ ಪೋಷಕರು ನಮ್ಮಲ್ಲಿ ಮೊದಲು ವಿಚಾರಿಸುವುದು ಸಂಬಳವನ್ನೇ. ಅನಂತಪುರವಿರಲಿ, ಬಳ್ಳಾರಿಯಿರಲಿ, ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ನಿರ್ಧರಿಸುವುದು ಆಡಳಿತ ಮಂಡಳಿ. ದಾದಿಯರು ಸಂಘಟಿತರಾದರೆ ಮಾತ್ರ ಅದು ಮಾತುಕತೆಯ ವಿಷಯವಾಗುತ್ತದೆ.

2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಈ ಕುರಿತು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಚಿಕ್ಕ ಆಸ್ಪತ್ರೆಯಲ್ಲೂ ದಾದಿಯ ವೇತನ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕು ಎಂದು ಸಮಿತಿ ಹೇಳಿತು. ಆದರೆ ಶಿಫಾರಸು ಆದೇಶವಲ್ಲ. ಜಾರಿಗೆ ತರಬೇಕಾದವು ರಾಜ್ಯಗಳು.

ಕೇರಳದಲ್ಲಿ ಅದಕ್ಕೆ ಹೋರಾಟವೇ ಬೇಕಾಯಿತು. ಚೇರ್ತಲದ ಖಾಸಗಿ ಆಸ್ಪತ್ರೆಯೊಂದರ ದಾದಿಯರು 2017ರಿಂದ ತಿಂಗಳುಗಟ್ಟಲೆ ಮುಷ್ಕರ ನಡೆಸಿದರು. ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಅಲ್ಲಿಂದ ತಿರುವನಂತಪುರಕ್ಕೆ ಪಾದಯಾತ್ರೆ ಹೊರಡಬೇಕಿದ್ದ ಹಿಂದಿನ ದಿನ, 2018ರ ಏಪ್ರಿಲ್ 23ರಂದು, ಸರ್ಕಾರವು 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಕಾಸರಗೋಡಿನ ಕನ್ನಡದ ದಾದಿಯರಿಗೂ ಅದೇ ಅನ್ವಯವಾಯಿತು.

ವೇತನವೊಂದೇ ಮುಖ್ಯವಲ್ಲ. ರಾತ್ರಿ ಪಾಳಿ ಎಷ್ಟು, ವಾರದ ರಜೆ ಯಾವಾಗ, ಹೆರಿಗೆ ರಜೆಯ ನಂತರ ಅದೇ ಹುದ್ದೆ ಸಿಗುವುದೇ, ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆ ಇಟ್ಟುಕೊಳ್ಳುವುದೇ? ಸಂಘವಿಲ್ಲದ ಕಡೆ ಇವೆಲ್ಲ ನೇಮಕಾತಿ ಪತ್ರದಲ್ಲೇ ಮುಗಿದುಹೋಗುತ್ತವೆ. ಆ ಪತ್ರ ಬರುವುದೋ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗಿ ಸಂಕೋಚದಿಂದ ಓದದೆಯೇ ಸಹಿ ಹಾಕುತ್ತಾಳೆ. ಸಹಿಗೆ ಮೊದಲು ಒಂದು ಪ್ರತಿ ಕೇಳಿ ಮನೆಗೆ ತರಲಿ. ಓದಿ ಕನ್ನಡದಲ್ಲಿ ತಿಳಿಸಲು ನಾವಿದ್ದೇವೆ.