ಚಂದ್ರನೂ ಬಾಡಿದ ಸೇಬೂ

1874ರಲ್ಲಿ ಲಂಡನ್ನಿನಲ್ಲಿ ಚಂದ್ರನನ್ನು ಕುರಿತ ಗ್ರಂಥವೊಂದು ಪ್ರಕಟವಾಯಿತು. ಉಗಿಯಿಂದ ನಡೆಯುವ ಭಾರಿ ಸುತ್ತಿಗೆಯನ್ನು ರೂಪಿಸಿ ಹೆಸರಾದ ಜೇಮ್ಸ್ ನಾಸ್ಮಿತ್, ಗ್ರೀನಿಚ್ ವೇಧಶಾಲೆಯಲ್ಲಿದ್ದ ಜೇಮ್ಸ್ ಕಾರ್ಪೆಂಟರ್ ಇಬ್ಬರೂ ಕೂಡಿ ಬರೆದದ್ದು. ಅದರ ಪುಟ ತಿರುವುವ ವಾಚಕನಿಗೆ ಚಂದ್ರನ ಬೆಟ್ಟಗಳ ನಡುವೆ ಎರಡು ವಿಚಿತ್ರ ಛಾಯಾಚಿತ್ರಗಳು ಎದುರಾಗುತ್ತವೆ: ಸುಕ್ಕುಬಿದ್ದ ಕೈಯ ಹಿಂಬದಿ ಒಂದು, ಬಾಡಿದ ಸೇಬು ಇನ್ನೊಂದು.

ಖಗೋಳಶಾಸ್ತ್ರದಲ್ಲಿ ಸೇಬಿಗೇನು ಕೆಲಸ? ತಿರುಳು ಒಣಗಿ ಕುಗ್ಗಿದಾಗ ಸಿಪ್ಪೆ ಅದಕ್ಕೆ ಸಡಿಲವಾಗಿ ಮಡಿಕೆ ಬೀಳುತ್ತದೆ. ಹಾಗೆಯೇ, ಕಾದ ಗೋಳದ ಒಡಲು ತಣಿದು ಕುಗ್ಗಿದಾಗ ಹೊರಪದರ ಮಡಿಚಿಕೊಂಡು ಕೆಲವು ಪರ್ವತಶ್ರೇಣಿಗಳು ಎದ್ದವೆಂಬುದು ಲೇಖಕರ ವಾದ. ಪುಟಗಟ್ಟಲೆ ಹೇಳಬೇಕಾದುದನ್ನು ಹಣ್ಣೊಂದು ಕ್ಷಣದಲ್ಲಿ ಹೇಳಿತು. ಟೈಕೋ ಎಂಬ ಕುಳಿಯಿಂದ ಹೊರಡುವ ಬೆಳ್ಳನೆಯ ಗೆರೆಗಳಿಗೆ, ಒಳಗಿನ ಒತ್ತಡದಿಂದ ಬಿರುಕುಬಿಟ್ಟ ಗಾಜಿನ ಗೋಳವನ್ನು ಜೋಡಿಯಾಗಿ ತೋರಿಸಿದರು. ಚಂದ್ರನ ಬೆಟ್ಟಗಳ ಚಿತ್ರಗಳೂ ನೇರವಾಗಿ ಚಂದ್ರನವಲ್ಲ. ದೂರದರ್ಶಕದಲ್ಲಿ ಕಂಡುದನ್ನು ಬರೆದುಕೊಂಡು, ಪ್ಲಾಸ್ಟರಿನ ಮಾದರಿಗಳನ್ನು ಮಾಡಿ, ಬಿಸಿಲಿಗಿಟ್ಟು ತೆಗೆದವು.

ಜಗಳೂರು ಸೀಮೆಯ ಬಿಳಿಚೋಡಿನಲ್ಲಿ ಈ ಪಾಠ ಹೇಳುವ ಉಪಾಧ್ಯಾಯರಿಗೆ ಸೇಬೇ ಬೇಕೆಂದಿಲ್ಲ. ಬಾಡಿದ ಬದನೆಕಾಯಿ ಸಾಕು. ಆದರೆ ಬೇಸಗೆಯ ಕೆರೆಯಂಗಳವೂ ಅಲ್ಲಿಯೇ ಉಂಟಲ್ಲವೆ? ಅದೂ ಒಣಗಿ ಕುಗ್ಗುತ್ತದೆ. ಆದರೆ ಸುಕ್ಕಾಗುವುದಿಲ್ಲ, ಬಿರಿಯುತ್ತದೆ. ಅಲ್ಲಿ ಕುಗ್ಗುವುದು ಮೇಲ್ಪದರ, ಬದನೆಯಲ್ಲಿ ಒಳತಿರುಳು. ಯಾವ ಹೋಲಿಕೆಯನ್ನು ಆರಿಸಿದೆವೋ ಅದರಂತೆ ಜಗತ್ತು ಕಾಣತೊಡಗುತ್ತದೆ, ಅಪಾಯವಿರುವುದು ಇಲ್ಲಿಯೇ.

ನಮ್ಮ ನೈಯಾಯಿಕರು ಉಪಮಾನವನ್ನು ಪ್ರಮಾಣವೆಂದು ಒಪ್ಪಿದವರು. ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಕೇಳಿದವನು, ಕಾಡಿನಲ್ಲಿ ಅಂಥದನ್ನು ಕಣ್ಣಾರೆ ಕಂಡಾಗಲೇ ಇದು ಗವಯವೆಂದು ಅರಿಯುತ್ತಾನೆ. ಕೊಟ್ಟಿಗೆಯ ಹಸುವನ್ನೇ ಎಷ್ಟು ದಿಟ್ಟಿಸಿದರೂ ಆ ಅರಿವು ಹುಟ್ಟದು.

ನಾಸ್ಮಿತ್ತನ ಹೋಲಿಕೆಗಳೂ ಹೀಗೆಯೇ ಕಾಡಿಗೆ ಹೋಗಬೇಕಾಯಿತು. ಟೈಕೋವಿನ ಗೆರೆಗಳು ಬಿರುಕುಗಳಲ್ಲ, ಆಕಾಶಕಾಯವೊಂದು ಅಪ್ಪಳಿಸಿದಾಗ ಚಿಮ್ಮಿದ ಕಲ್ಲುಪುಡಿ ಎಂದು ತಿಳಿಯಿತು. ಭೂಮಿಯ ಪರ್ವತಗಳಿಗೂ ಹಿಂದಿನವರು ಇದೇ ಕುಗ್ಗುವಿಕೆಯ ಕಾರಣವನ್ನು ಹೇಳುತ್ತಿದ್ದರು. 1960ರ ದಶಕದಲ್ಲಿ ರೂಪುಗೊಂಡ ಭೂಫಲಕಗಳ ಸಿದ್ಧಾಂತ ಅದನ್ನು ತಳ್ಳಿಹಾಕಿತು. ಹಿಮಾಲಯ ಎದ್ದದ್ದು ಫಲಕಗಳ ಡಿಕ್ಕಿಯಿಂದ. ಆದರೂ ಸೇಬು ಪೂರ್ತಿಯಾಗಿ ಸೋಲಲಿಲ್ಲ. 1974ರಲ್ಲಿ ಮ್ಯಾರಿನರ್ 10 ನೌಕೆ ಕಳುಹಿಸಿದ ಬುಧಗ್ರಹದ ಚಿತ್ರಗಳಲ್ಲಿ ಉದ್ದುದ್ದನೆಯ ಕಡಿದಾದ ದಿಣ್ಣೆಗಳು ಕಂಡವು. ಗ್ರಹ ತಣಿದು ಕುಗ್ಗಿದ್ದೇ ಅವುಗಳಿಗೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಚಂದ್ರನಿಗೆಂದು ಬಾಡಿದ ಸೇಬಿಗೆ ನೂರು ವರ್ಷದ ಮೇಲೆ ಬುಧನಲ್ಲಿ ಜೋಡಿ ಸಿಕ್ಕಿತು!

ಪಾಠ ಹೇಳುವವರು ಹೋಲಿಕೆಯನ್ನು ಬಿಡಬೇಕಾಗಿಲ್ಲ. ಮಕ್ಕಳ ಕೈಗೆ ಬದನೆಕಾಯಿಯ ಜೊತೆಗೆ ಕೆರೆಯ ಹೆಂಟೆಯನ್ನೂ ಕೊಟ್ಟು, ಒಂದೇಕೆ ಸುಕ್ಕಾಯಿತು, ಇನ್ನೊಂದೇಕೆ ಬಿರಿಯಿತು ಎಂದು ಕೇಳಿದರೆ ಸಾಕು.